ದಿನಾ ಮುಂಜಾನೆ ಬಿಟ್ಟ ಮಾಸ್ತರು

ಮಾಸ್ತರು ತೀರಿಕೊಂಡ ದಿನ ಸಂಜೆ ಅವರ ತಮ್ಮ ಇಬ್ಬರನ್ನು ಕರೆದುಕೊಂಡು ನನ್ನ ಸ್ಟುಡಿಯೋಕ್ಕೆ ಬಂದ. ಊರ ಬಾಗಿಲ ಅಗಸಿಯಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸ್ ಹಾಕಿಸಬೇಕಿತ್ತು, ಅದಕ್ಕೊಂದು ಫೋಟೋ ಬೇಕಿತ್ತು. ನಾನು ಹೋದ ವರ್ಷ ತೆಗೆದದ್ದನ್ನು ಕಂಪ್ಯೂಟರಿನಲ್ಲಿ ತೆರೆದು ತೋರಿಸಿದೆ. ಕುತ್ತಿಗೆಯವರೆಗೆ ಗುಂಡಿ ಹಾಕಿದ ಕರಿ ಕೋಟು, ಎದೆಗೆ ಆನಿಸಿಕೊಂಡ ಕ್ಲಾರಿನೆಟ್, ಗಂಟಿಕ್ಕಿದ ಹುಬ್ಬು, ನೇರ ನೋಟ. ಮಾಸ್ತರೆಂದರೆ ಅದೇ ಮಾಸ್ತರು.

"ಇದು ಬ್ಯಾಡ ಭಾಯ್," ಎಂದ ತಮ್ಮ. "ಇದರಾಗ ಯಾರಿಗೋ ಹೊಡ್ಯಾಕ ಹೊಂಟಂಗ ಕಾಣತಾನ. ಆ ಹಳೇದೊಂದು ಐತಲ್ಲ, ನಗೂದು, ಅದನ್ನ ತಗಿ."

ಆ ಹಳೆಯದು ನನಗೆ ಗೊತ್ತಿತ್ತು. ತೆಗೆದವನೂ ನಾನೇ. ಒಂದು ಮದುವೆಯ ಮೆರವಣಿಗೆ, ನಮ್ಮ ಕಡೆ ವರಾತ ಎನ್ನುತ್ತೇವೆ. ಅದರಲ್ಲಿ ಮಾಸ್ತರ ಟೊಪ್ಪಿಗೆ ಹಿಂದುಮುಂದಾಗಿದೆ, ಕ್ಲಾರಿನೆಟ್ಟಿನ ತುದಿ ಆಕಾಶ ನೋಡುತ್ತಿದೆ, ಅಷ್ಟೂ ಹಲ್ಲು ಬಿಟ್ಟು ನಗುತ್ತಿದ್ದಾರೆ, ಕಣ್ಣು ಮಾತ್ರ ಎಲ್ಲಿಯೂ ನೋಡುತ್ತಿಲ್ಲ. ನಿಲ್ಲಲು ಬಾರದಷ್ಟು ಕುಡಿದಿದ್ದರಿಂದ ಎರಡೂ ಕಡೆ ಯಾರೋ ಬಗಲಿಗೆ ಕೈ ಕೊಟ್ಟು ಹಿಡಿದಿದ್ದಾರೆ.

"ಅದು ಕುಡದಾಗಿಂದಲ್ಲೋ," ಎಂದೆ.

"ಆದ್ರೇನಾತು? ಆ ಕೈ ಅಷ್ಟ ಕಟ್ ಮಾಡು. ಮಂದಿಗಿ ಅಂವಾ ಹಂಗ ಗೊತ್ತ. ಚಂದ ನಗಾಕತ್ತಾನ ನೋಡು."

ನಾನು ಕಂಪ್ಯೂಟರ್ ಬಂದ್ ಮಾಡಿದೆ. ಕೊಡುವುದಿಲ್ಲ ಎಂದೆ. ಅವರ ಮನೆಯ ಹಳೆಯ ಆಲ್ಬಮ್ಮಿನಲ್ಲಿ ಅದರದೇ ಒಂದು ಪ್ರತಿ ಇತ್ತಂತೆ. ಬೇರೆ ಅಂಗಡಿಗೆ ಒಯ್ದು ಮಾಡಿಸಿದರು. ಮರುದಿನ ಅಗಸಿಯಲ್ಲಿ ಆಳೆತ್ತರದ ಕುಡುಕ ಮಾಸ್ತರು ಊರಿಗೆಲ್ಲ ಹಲ್ಲು ಬಿಟ್ಟು ನಿಂತರು. ಆ ಫ್ಲೆಕ್ಸ್ ಇನ್ನೂ ಅಲ್ಲೇ ಇದೆ. ಅದರ ಮುಂದೆ ಹಾಯುವಾಗಲೆಲ್ಲ ನನ್ನ ಮೈ ಉರಿಯುತ್ತದೆ. ಆ ಉರಿಗೇ ಇದನ್ನು ಬರೆಯುತ್ತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ನಮ್ಮ ರಾಯಬಾಗ ಸೀಮೆಯವರು ಓದಿ, ಆ ಹೆಸರಿನ ಹಿಂದೆ 'ಕುಡುಕ' ಎಂಬುದನ್ನು ತಾವೇ ಸೇರಿಸಿಕೊಂಡು, ಹಾಂ ಅವನಾ ಎನ್ನುತ್ತಾರೆ. ಅಷ್ಟು ಸುಖವನ್ನೂ ನಾನು ಅವರಿಗೆ ಕೊಡಲಾರೆ.

ಮಾಸ್ತರೆಂದರೆ ಶಾಲೆಯ ಮಾಸ್ತರಲ್ಲ, ಬ್ಯಾಂಡ್ ಮಾಸ್ತರು. ಅಪ್ಪನಿಂದ ಬಂದ ಬ್ಯಾಂಡ್ ಕಂಪನಿಯಲ್ಲಿ ಅವರದು ಕ್ಲಾರಿನೆಟ್, ತಮ್ಮನದು ಢೋಲು. ನಾನು ಮದುವೆಗಳಲ್ಲಿ ಫೋಟೋ ತೆಗೆಯುವವನು. ಚಿಕ್ಕೋಡಿಯಿಂದ ಕಾಗವಾಡದವರೆಗೆ ಲಗ್ನದ ದಿನಗಳಲ್ಲಿ ನಾವಿಬ್ಬರೂ ಹೆಚ್ಚುಕಡಿಮೆ ಒಂದೇ ಟೆಂಪೋದಲ್ಲಿ ತಿರುಗಿದ್ದೇವೆ, ಒಂದೇ ಪಂಕ್ತಿಯ ಕೊನೆಗೆ ಕೂತು ಉಂಡಿದ್ದೇವೆ. ನನ್ನ ಹೆಸರು ಯಾವುದೇ ಇರಲಿ, ಈ ಸೀಮೆಗೆಲ್ಲ ನಾನು 'ಫೋಟೋ ಭಾಯ್'. ಮಾಸ್ತರಿಗೆ ಬರೀ ಭಾಯ್.

ಅವರು ಕುಡಿಯುತ್ತಿದ್ದ ಕಾಲವನ್ನು ನಾನು ಚೆನ್ನಾಗಿ ಬಲ್ಲೆ. ಊರು ಅವರನ್ನು ಎತ್ತಿ ಕುಣಿಸುತ್ತಿತ್ತು. ನಡುರಸ್ತೆಯಲ್ಲಿ ಮಲಗಿ ನುಡಿಸುವರು, ಮದುಮಗನ ಕುದುರೆಗೆ ಸಲಾಮು ಹೊಡೆಯುವರು, ಹೆಣ್ಣಿನ ತಾಯಿಯ ಮುಂದೆ ನಿಂತು ಸುಳ್ಳುಸುಳ್ಳೇ ಅಳುವರು. ಜನ ಬಿದ್ದುಬಿದ್ದು ನಗುವರು, ಇನ್ನೊಂದು ಹಾಕಿಸುವರು. ಎರಡು ಗ್ಲಾಸು ಒಳಗೆ ಹೋದರೆ ಮಾಸ್ತರ ಕ್ಲಾರಿನೆಟ್ ಅಳುತ್ತಿತ್ತು ಎಂದು ಹೇಳುವವರು ಇವತ್ತಿಗೂ ಇದ್ದಾರೆ. ನಾನು ಪಕ್ಕದಲ್ಲೇ ನಿಂತು ಕೇಳಿದ್ದೇನೆ. ಅಳುತ್ತಿರಲಿಲ್ಲ, ತಪ್ಪುತ್ತಿತ್ತು. ಕೇಳುವವರೂ ಕುಡಿದಿರುತ್ತಿದ್ದರಾದ್ದರಿಂದ ತಪ್ಪಿದ್ದೆಲ್ಲ ಅತ್ತಂತೆ ಕೇಳುತ್ತಿತ್ತು.

ವರಾತ ಮುಗಿಸಿ ಊರು ತನ್ನ ಮನೆಗೆ ಹೋಗಿ ಮಲಗುತ್ತಿತ್ತು. ಮಾಸ್ತರು ಅವರ ಮನೆಗೆ ಹೋಗುತ್ತಿದ್ದರು. ಅಲ್ಲಿ ವೈನಿ ಇದ್ದರು. ಮಾಸ್ತರ ಹೆಂಡತಿಯನ್ನು ನಾನು ಕರೆಯುವುದು ವೈನಿ, ಅಂದರೆ ಅತ್ತಿಗೆ, ಎಂದೇ. ವೈನಿಯ ಎಡಗಿವಿ ಕೇಳುವುದಿಲ್ಲ. ಹುಟ್ಟಿನಿಂದ ಬಂದದ್ದಲ್ಲ. ಮಾಸ್ತರು ಹೊಡೆದ ಪೆಟ್ಟು ಅದು. ನಾನು ಈ ಮನುಷ್ಯನ ಪರವಾಗಿ ಬರೆಯುತ್ತಿದ್ದೇನೆಂದು ಅದನ್ನು ಮುಚ್ಚಿಡಲಾರೆ, ಮುಚ್ಚಿಟ್ಟರೆ ಅವರೇ ಎದ್ದು ಬಂದು ನನ್ನನ್ನು ಬೈದಾರು. ಒಮ್ಮೆ ಊರವನೊಬ್ಬ ನನ್ನ ಅಂಗಡಿಯ ಕಟ್ಟೆಯಲ್ಲಿ ಕೂತು, "ಮಾಸ್ತರ, ನೀವು ಕುಡೀತಿದ್ದಾಗ ಭಾಳ ಮಜಾ ಇತ್ರೀ" ಎಂದಿದ್ದ. ಮಾಸ್ತರು ಅವನ ಕೊರಳಪಟ್ಟಿ ಹಿಡಿದರು. "ಮಜಾ ನಿನಗಿತ್ತು. ನನ್ನ ಹೇಣ್ತಿ ಕಿವಿ ಕೇಳಿ ಬಾ ಹೋಗು, ಮಜಾ ಹೆಂಗಿತ್ತಂತ." ಅವನು ಕೊಸರಿಕೊಂಡು ಹೋದ. ಆಮೇಲೆ ಊರಲ್ಲಿ ಹೇಳಿದ್ದೇನು? ಕುಡಿಯುವುದನ್ನು ಬಿಟ್ಟ ಮೇಲೆ ಮಾಸ್ತರ ತಲೆ ಕೆಟ್ಟಿದೆ ಎಂದು.

ಯಾಕೆ ಬಿಟ್ಟರು, ಹೇಗೆ ಬಿಟ್ಟರು ಎಂದು ಅವರು ಯಾರಿಗೂ ಹೇಳಲಿಲ್ಲ. ಒಂದು ಲಗ್ನದ ಸುಗ್ಗಿಗೆ ಕುಡಿಯದೆ ಬಂದರು, ಅಷ್ಟೇ. ಆ ವರ್ಷ ಬೆರಳು ನಡುಗಿ ಕ್ಲಾರಿನೆಟ್ಟಿನ ಗುಂಡಿಗಳ ಮೇಲೆ ನಿಲ್ಲುತ್ತಿರಲಿಲ್ಲ, ಕೋಟು ಮೈಮೇಲೆ ಜೋತಾಡುತ್ತಿತ್ತು. ಖಾಲಿ ಹೊಟ್ಟೆಗೆ ಆಸೆ ಜಾಸ್ತಿ ಎಂದು ಕೋಟಿನ ಕಿಸೆ ತುಂಬ ಶೇಂಗಾ ಬೆಲ್ಲ ಇಟ್ಟುಕೊಂಡು ಎರಡು ಹಾಡಿನ ನಡುವೆ ಅಗಿಯುತ್ತಿದ್ದರು. ಅವರು ಹೇಳದಿದ್ದರೇನು, ಊರಿಗೆ ಕಾರಣ ಗೊತ್ತಿರಲೇಬೇಕಲ್ಲ. ಚಿಂಚಲಿಯ ದೇವಿ ಮಾಯಕ್ಕ ಕನಸಿನಲ್ಲಿ ಬಂದು ಬೈದಳಂತೆ ಎಂದರು. ವೈನಿ ಸಾರಿನಲ್ಲಿ ಯಾವುದೋ ಪುಡಿ ಹಾಕಿದಳಂತೆ ಎಂದರು. ಲಿವರ್ ಹೋಗಿದೆ, ಆರು ತಿಂಗಳು ಮಾತ್ರ ಎಂದು ಡಾಕ್ಟರು ಹೇಳಿದ್ದಾರಂತೆ ಎಂದರು. ಮಾಸ್ತರು ಇದನ್ನೆಲ್ಲ ಕೇಳಿ ಕೆಂಡವಾಗುತ್ತಿದ್ದರು.

"ಕುಡದಾಗ ಯಾರೂ ಅನ್ನಲಿಲ್ಲಲ್ಲೋ ಭಾಯ್, ದೇವಿ ಕುಡಸ್ಯಾಳ, ಡಾಕ್ಟರ ಕುಡಸ್ಯಾನ ಅಂತ. ಆವಾಗ ನಾ ಕುಡದೆ. ಈಗ ಬಿಟ್ಟಿದ್ದು ಮಾತ್ರ ಅವರು ಇವರು. ನಾ ಎಲ್ಲಿ ಹ್ವಾದ್ನಿ ಇದರಾಗ?"

ಬಿಟ್ಟು ಎಷ್ಟು ವರ್ಷವಾಯಿತು ಎಂದು ಕೇಳಿದರೆ ಇನ್ನೂ ಸಿಟ್ಟು. "ಮಾಸ್ತರ, ಯಾವಾಗ ಬಿಟ್ಟಿರಿ?" ಎಂದು ಯಾರಾದರೂ ಕೇಳಿದರೆ, "ಇವತ್ತ ಮುಂಜಾನೆ" ಎನ್ನುತ್ತಿದ್ದರು. ಕೇಳಿದವರು ಚೇಷ್ಟೆಯೆಂದು ನಗುತ್ತಿದ್ದರು. ಚೇಷ್ಟೆಯಲ್ಲ. ನನಗೊಮ್ಮೆ ಬಿಡಿಸಿ ಹೇಳಿದ್ದರು. "ಬಿಟ್ಟೇನಿ ಅಂದ್ರ ಕೆಲಸ ಮುಗೀತು ಅಂದಂಗ ಆಕ್ಕೈತಿ. ಮುಗಿಯೂದಿಲ್ಲ ಇದು. ನಾ ಬಿಡಾಕತ್ತೇನಿ. ಮುಂಜಾನೆದ್ದು ಬಿಡತೇನಿ, ಮತ್ತ ಮರುದಿನ ಎದ್ದು ಬಿಡತೇನಿ." ನಿಮ್ಮ ಮನಸ್ಸು ಗಟ್ಟಿ ಬಿಡ್ರಿ ಎಂದು ಹೊಗಳಿದವರಿಗೂ ಬಿಡಲಿಲ್ಲ. "ಗಟ್ಟಿ ಇದ್ದಿದ್ರ ಕುಡೀತಿದ್ನೇನು? ಮೆತ್ತಗೈತಿ ಅಂತನ ದಿನಾ ಕಾಯಾಕತ್ತೇನಿ."

ಅವರ ಮನೆಯಿಂದ ನನ್ನ ಸ್ಟುಡಿಯೋಕ್ಕೆ ನೆಟ್ಟಗೆ ಬಂದರೆ ಐದು ನಿಮಿಷದ ಹಾದಿ. ಮಾಸ್ತರು ಮಸೀದಿಯ ಹಿಂದಿನ ಓಣಿ ಹಿಡಿದು, ಕಟ್ಟಿಗೆ ಅಡ್ಡೆ ಸುತ್ತಿ, ಬೆವರು ಒರೆಸಿಕೊಳ್ಳುತ್ತ ಬರುತ್ತಿದ್ದರು. ನೆಟ್ಟಗಿನ ಹಾದಿಯಲ್ಲಿ ದಾರೂ ಅಂಗಡಿ ಇತ್ತು. ಒಂದು ದಿನ ಕಟ್ಟಿಗೆ ಅಡ್ಡೆಯ ಪಕ್ಕವೂ ಒಂದು ಹೊಸ ಬಾರ್ ತೆರೆಯಿತು, ಬಾಳೆಕಂಬ ಕಟ್ಟಿ ಉದ್ಘಾಟನೆ ಮಾಡಿದರು. ಆವತ್ತು ಅವರು ಸ್ಟುಡಿಯೋದ ಬಾಗಿಲಲ್ಲೇ ನಿಂತು ರಸ್ತೆಗೆ ಕೇಳುವಂತೆ ಕೂಗಿದರು: "ಕುಡ್ಯಾವರಿಗಿ ನಾಕೂ ದಿಕ್ಕಿಗಿ ಅಂಗಡಿ ಇಟ್ಟಾರ. ಕುಡೀದಂವಗ ಮನೀಗಿ ಹೋಗಾಕ ಒಂದ ಹಾದಿ ಇಟ್ಟಾರೇನು?" ರಸ್ತೆಯಲ್ಲಿದ್ದವರು ನಕ್ಕು ಮುಂದೆ ಹೋದರು.

ಇಲ್ಲಿ ನನ್ನ ವಿಷಯ ಒಂದು ಮಾತು ಹೇಳಬೇಕು. ನಾನು ಮುಸಲ್ಮಾನ. ನಮ್ಮವರಲ್ಲೂ ಕುಡಿಯುವವರಿದ್ದಾರೆ, ಇಲ್ಲವೆಂದರೆ ಸುಳ್ಳಾದೀತು. ಆದರೆ ನಾನು ಕುಡಿದವನಲ್ಲ. ನನ್ನ ಅಪ್ಪ ಕುಡಿಯಲಿಲ್ಲ, ನನಗೆ ಬೇಕೆಂದೂ ಅನಿಸಲಿಲ್ಲ. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ಆದರೂ ಮದುವೆ ಮನೆಯ ಹಿತ್ತಿಲಲ್ಲಿ ಬಾಟಲಿ ತೆರೆದಾಗ ಯಜಮಾನರು, "ಏ, ಭಾಯ್‌ಗ ಬ್ಯಾಡೋ, ಅವರು ಮುಟ್ಟಂಗಿಲ್ಲ, ಅವರಿಗೆ ಥಂಡಾ ತರಿಸ್ರಿ" ಎಂದು ಮರ್ಯಾದೆಯಿಂದ ಕುರ್ಚಿ ಹಾಕಿಸುವರು. ಅದೇ ಯಜಮಾನರು ಪಕ್ಕದಲ್ಲಿದ್ದ ಮಾಸ್ತರ ಕೈಗೆ ಗ್ಲಾಸು ತುರುಕುವರು. ಅವರು ಬೇಡವೆಂದರೆ, "ನಮ್ಮ ಮನ್ಯಾಗಿನ ಸಂತೋಷ ನಿನಗ ಬ್ಯಾಡಾತೇನು? ಭಾಳ ಶ್ಯಾಣ್ಯಾ ಆಗಿ?" ಎನ್ನುವರು. ಎಂದೂ ಬಯಸದ ನನಗೆ ಕುರ್ಚಿ. ದಿನಾ ಬಯಸಿ ದಿನಾ ಬೇಡವೆನ್ನುತ್ತಿದ್ದ ಆ ಮನುಷ್ಯನಿಗೆ ಮೂದಲಿಕೆ. ಇದು ಯಾವ ಊರಿನ ನ್ಯಾಯವೋ ನನಗೆ ಇವತ್ತಿಗೂ ತಿಳಿದಿಲ್ಲ. ಒಂದು ಸಲ ನಾನು ಆ ಕುರ್ಚಿಯಲ್ಲಿ ಮಾಸ್ತರನ್ನು ಕೂಡಿಸಿದೆ. ಯಜಮಾನರಿಗೆ ಅದು ಸರಿಬರಲಿಲ್ಲ. ಮುಂದಿನ ಮದುವೆಗೆ ಆ ಮನೆಯವರು ನಿಪ್ಪಾಣಿಯಿಂದ ಬೇರೆ ಫೋಟೋದವನನ್ನು ಕರೆಸಿದರು.

ಹೊಳೆದಂಡೆಯ ಒಂದು ಊರಿನಲ್ಲಿ, ದ್ರಾಕ್ಷಿ ತೋಟದವರ ಮನೆಯ ಮದುವೆಯಲ್ಲಿ ಆದದ್ದನ್ನು ಮಾತ್ರ ನಾನು ಸಾಯುವವರೆಗೂ ಮರೆಯಲಾರೆ. ಮಾಸ್ತರು ಬಿಟ್ಟು ಏಳೆಂಟು ವರ್ಷವಾಗಿತ್ತು. ಹೊತ್ತು ಮುಳುಗುವ ಸಮಯ, ವರಾತ ಅಗಸಿಗೆ ಬಂದಿತ್ತು. ಸೆಕೆ. ಮಾಸ್ತರು ಒಂದೇ ಸಮನೆ ನುಡಿಸಿ ನಾಲಿಗೆ ಒಣಗಿಸಿಕೊಂಡು ನಿಂತಿದ್ದರು. ಮದುಮಗನ ಸೋದರಮಾವ ಬಂದು, "ತಗೋರಿ ಮಾಸ್ತರ, ಥಂಡಾ ಕುಡೀರಿ" ಎಂದು ಕೋಲಾದ ಬಾಟಲಿ ಕೊಟ್ಟ. ಮಾಸ್ತರು ಒಂದು ದೊಡ್ಡ ಗುಟುಕು ಹೀರಿದರು. ನಾನು ಎದುರಿಗೇ ಕ್ಯಾಮೆರಾ ಹಿಡಿದಿದ್ದೆ. ಅವರ ಮುಖ ಬೂದಿಯಾದದ್ದನ್ನು ನೋಡಿದೆ. ಬಾಯಲ್ಲಿದ್ದದ್ದನ್ನು ಉಗುಳಿದರು, ಅಷ್ಟರಲ್ಲಿ ಒಳಗೆ ಹೋದದ್ದು ಹೋಗಿತ್ತು. ಕೋಲಾದಲ್ಲಿ ರಮ್ ಬೆರೆಸಿದ್ದರು. ಸುತ್ತಲೂ ಏಳೆಂಟು ಜನ ಇದಕ್ಕಾಗಿಯೇ ಕಾದು ನಿಂತಿದ್ದರು, ಅವರು ಹೋ ಎಂದು ಚಪ್ಪಾಳೆ ತಟ್ಟಿದರು. "ಮಾಸ್ತರ ಹಳೇ ಫಾರ್ಮಿಗಿ ಬಂದಾ!"

ಮಾಸ್ತರು ಕ್ಲಾರಿನೆಟ್ಟನ್ನು ನನ್ನ ಕೈಗೆ ಕೊಟ್ಟರು. ನಿಧಾನವಾಗಿ ಕೊಟ್ಟರು. ಆಮೇಲೆ ತಿರುಗಿ ಆ ಸೋದರಮಾವನ ಕೆನ್ನೆಗೆ ಬಾರಿಸಿದ ಏಟಿಗೆ ಅವನ ತಲೆಯ ಪಟಕಾ ಹಾರಿ ಗಟಾರಕ್ಕೆ ಬಿತ್ತು.

ಆಮೇಲಿನದನ್ನು ಹೇಳುವುದೇನಿದೆ. ಹೊಡೆದರು. ಲಗ್ನದ ಮನೆಯವರೆಲ್ಲ ಕೂಡಿ ಹೊಡೆದರು. ತಮ್ಮ ಢೋಲು ಕೆಳಗಿಟ್ಟು ಬಂದು ಬಿಡಿಸಿದವನು, ಅಣ್ಣನ ಕೈ ಹಿಡಿದು, "ಕಾಲಿಗಿ ಬೀಳ, ಮಾಫಿ ಕೇಳ" ಎಂದು ಜಗ್ಗಿದ. ಮಾಸ್ತರು ಕೇಳಲಿಲ್ಲ. "ಒಂದ ಗುಟಕಾ ಕುಡಿಸಿದ್ರಂತ ಇಷ್ಟೇನೋ ಅಣ್ಣಾ? ವಿಷಾ ಕುಡಿಸಿದ್ರೇನು?" ಎಂದು ತಮ್ಮ ಟೆಂಪೋದಲ್ಲಿ ಅತ್ತ. ತುಟಿಯ ರಕ್ತ ಒರೆಸಿಕೊಳ್ಳುತ್ತಿದ್ದ ಮಾಸ್ತರು, "ಹೌದು, ವಿಷಾನ" ಎಂದರು, ಅಷ್ಟೇ.

ಮರುದಿನ ಬೆಳಿಗ್ಗೆ ನಾನು ಸ್ಟುಡಿಯೋದ ಬೀಗ ತೆಗೆಯುವ ಮೊದಲೇ ಕಟ್ಟೆಯ ಮೇಲೆ ಕೂತಿದ್ದರು. ಕಣ್ಣು ಬಾತಿತ್ತು. ನಾನು ಪೆಟ್ಟಿನ ವಿಚಾರ ಕೇಳಿದೆ. ಅವರಿಗೆ ಪೆಟ್ಟಿನ ಪರಿವೆಯೇ ಇರಲಿಲ್ಲ.

"ಅದರ ರುಚಿ ನಾಲಗಿ ಮ್ಯಾಲಿಂದ ಹೋಗವಲ್ದು ಭಾಯ್. ಎಲ್ಲಾ ಎದ್ದು ಕುಂತೈತಿ ಒಳಗ. ಒಂದ ಕೆಲಸ ಮಾಡು, ಶಟರ್ ಎಳಿ."

ಶಟರ್ ಎಳೆದೆ. ಪಾಸ್‌ಪೋರ್ಟ್ ಫೋಟೋ ತೆಗೆಯುವ ಕೋಣೆಯಲ್ಲಿ, ನೀಲಿ ಪರದೆಯ ಮುಂದಿನ ಸ್ಟೂಲಿನ ಮೇಲೆ ಅವರು ಕೂತರು. ಹೊರಗೆ ಗಿರಾಕಿಗಳು ಬಡಿದು ಬಡಿದು ಹೋದರು. ಅವರು ಬೆವರಿದರು, ಎದ್ದು ನಿಂತರು, ಕೂತರು, ಬೈದರು. ಆ ಸೋದರಮಾವನನ್ನು, ತಮ್ಮನನ್ನು, ಊರನ್ನು, ಸತ್ತುಹೋದ ಅಪ್ಪನನ್ನು, ಮೊದಲ ಸಲ ಕುಡಿಸಿದ ಯಾರೋ ಒಬ್ಬನನ್ನು. ಬೈಯುವುದು ನಿಂತಾಗ ನನಗೆ ಭಯವಾಗುತ್ತಿತ್ತು. ಮಧ್ಯಾಹ್ನ ವೈನಿ ಬುತ್ತಿ ತಂದು ಶಟರಿನ ಕೆಳಗಿಂದ ಸರಿಸಿ, ಹೊರಗೇ ಕಟ್ಟೆಯ ಮೇಲೆ ಕೂತರು. ಹೀಗೆ ಮೂರು ದಿನ ನಡೆಯಿತು.

ಎರಡನೆಯ ದಿನವಿರಬೇಕು, ಮಾಸ್ತರು ದನಿ ತಗ್ಗಿಸಿ ಕೇಳಿದರು: "ಇದು ಕುಡದಂಗ ಆತೇನು ಭಾಯ್? ಇಷ್ಟ ವರ್ಷದ್ದೆಲ್ಲಾ ಮುರದು ಹೋತೇನು?"

ಆ ಪ್ರಶ್ನೆ ಕೇಳುವಾಗ ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ನಾನು ನನಗೆ ತಿಳಿದದ್ದನ್ನು ಹೇಳಿದೆ. "ನಮ್ಮ ರಂಜಾನ್ ರೋಜಾದಾಗ ಯಾರಾರ ಮರತು ನೀರ ಕುಡದ್ರ ರೋಜಾ ಮುರಿಯೂದಿಲ್ರಿ ಮಾಸ್ತರ. ದೇವರು ಮನಸಿನ ನಿಯತ್ತು ನೋಡತಾನ. ನಿಮ್ಮ ನಿಯತ್ತು ಕೆಟ್ಟಿಲ್ಲ."

"ನಿಮ್ಮ ದೇವರ ಬೇಷ್ ಅದಾನ. ನಮ್ಮ ಮಂದಿ ನಿಯತ್ತು ನೋಡೂದಿಲ್ಲೋ, ಬಾಟ್ಲಿ ನೋಡತಾರ," ಎಂದರು. ಮತ್ತೆ ಬೈಗುಳ ಶುರುವಾಯಿತು. ನನಗೆ ಜೀವ ಬಂದಂತಾಯಿತು.

ಆ ಮದುವೆಯ ನಂತರ ಕಂಪನಿಗೆ ಸುಪಾರಿ, ಅಂದರೆ ಮದುವೆಗೆ ಗೊತ್ತುಮಾಡಿ ಕೊಡುವ ಮುಂಗಡ, ಬರುವುದು ನಿಂತಿತು. ಹೊಡೆಯುವ ಮಾಸ್ತರನ್ನು ಯಾರು ಕರೆದಾರು? ತಮ್ಮ ಬೇರೆಯಾದ. ಬ್ಯಾಂಡಿನ ಹೆಸರು, ಗಾಡಿ, ಡ್ರೆಸ್ಸು ಎಲ್ಲ ಅವನ ಪಾಲಾಯಿತು. ಮಾಸ್ತರಿಗೆ ಕ್ಲಾರಿನೆಟ್ ಉಳಿಯಿತು. ಅವರು ಹೊಸದೊಂದು ನಿಯಮ ಮಾಡಿಕೊಂಡರು: ಅಕ್ಷತೆಯ ಹೊತ್ತಿಗೆ ಬಂದು ನುಡಿಸುವುದು, ಊಟ ಮಾಡುವುದು, ಹೊರಟುಬರುವುದು. ವರಾತಕ್ಕೆ ಇಲ್ಲ. ಅರ್ಧ ದುಡಿಮೆ ಹೋಯಿತು, ಹೋಗಲಿ ಎಂದರು. ಆಮೇಲಾಮೇಲೆ ಡಿಜೆ ಬಂದು ತಮ್ಮನ ಬ್ಯಾಂಡೂ ಮುಚ್ಚಿತು. ಅವನು ಅದಕ್ಕೂ ಅಣ್ಣನ ಆ ಏಟೇ ಕಾರಣ ಎನ್ನುತ್ತಾನೆ.

ಮನೆಯಲ್ಲಿ ಮಾಸ್ತರು ಹೇಗಿದ್ದರೆಂಬುದು ಊರಿಗೆ ಗೊತ್ತಿಲ್ಲ. ಹೊರಗೆ ಎಲ್ಲರ ಮೇಲೆ ಹರಿಹಾಯುವ ಮನುಷ್ಯ ವೈನಿಯ ಬಲಗಡೆಗೆ ಬಂದು, ಅವರ ಮುಖ ತನ್ನ ಕಡೆ ತಿರುಗುವವರೆಗೆ ಕಾದು, ತುಟಿ ಕಾಣುವಂತೆ ಬಿಡಿಸಿ ಬಿಡಿಸಿ ಮಾತಾಡುತ್ತಿದ್ದರು. ಎಂದಾದರೂ ತಪ್ಪಾಯಿತೆಂದು ಕೇಳಿದ್ದರೋ ಇಲ್ಲವೋ ತಿಳಿಯದು. ನಾನು ಒಮ್ಮೆ ವೈನಿಯನ್ನು ಕೇಳಿಯೇಬಿಟ್ಟೆ. "ಕೇಳೂದೇನ್ರಿ ಭಾಯ್," ಎಂದರು. "ದಿನಾ ಸಂಜೀಕ ನೆಟ್ಟಗ ನಡಕೋತ ಮನೀಗಿ ಬರತಾರ. ಅದಕ್ಕಿಂತ ಇನ್ನ ಹೆಂಗ ಕೇಳಬೇಕು? ಊರಿಗಿ ಅವರು ಕುಡದಾಗ ಚಂದಿದ್ರು. ನನಗ ಬಿಟ್ಟ ಮ್ಯಾಲೆ ಚಂದಾದ್ರು. ಅದು ಊರಿಗಿ ಸೇರಲಿಲ್ಲ."

ಈ ಬೇಸಿಗೆಯಲ್ಲಿ ಅವರು ಹೋದರು.

ಅಥಣಿಯ ಕಡೆ ಒಂದು ಮದುವೆಗೆ ಅಕ್ಷತೆಗೆ ನುಡಿಸಿ, ಮಧ್ಯಾಹ್ನದ ಬಸ್ಸಿಗೆ ನಮ್ಮೂರಿನ ಸ್ಟ್ಯಾಂಡಿನಲ್ಲಿ ಇಳಿದರು. ಇಳಿದವರು ಕಂಬ ಹಿಡಿದು ನಿಂತರು, ಅಲ್ಲೇ ಜಾರಿ ಕೂತರು. ವಾಂತಿ ಮಾಡಿಕೊಂಡರು. ಏನೋ ಹೇಳಲು ಹೋದರು, ನಾಲಿಗೆ ತೊದಲಿತು. ಸ್ಟ್ಯಾಂಡಿನ ತುಂಬ ಜನ. ಎಲ್ಲರೂ ಗುರುತಿನವರೇ. ಒಬ್ಬನೂ ಮುಟ್ಟಲಿಲ್ಲ. ಕಾಲು ತಾಗದಂತೆ ಸುತ್ತುಹಾಕಿ ನಡೆದರು.

ಇದನ್ನು ಯಾರೂ ನನಗೆ ಹೇಳಿದ್ದಲ್ಲ, ನಾನು ನೋಡಿದ್ದೇನೆ. ಒಬ್ಬ ಪುಣ್ಯಾತ್ಮ ಮೊಬೈಲಿನಲ್ಲಿ ವಿಡಿಯೋ ಮಾಡಿ ಊರಿನ ಗ್ರೂಪಿಗೆ ಹಾಕಿದ್ದ. 'ಮಾಸ್ತರ ಮತ್ತ ಚಾಲೂ' ಎಂದು ಬರೆದು, ಪಕ್ಕದಲ್ಲಿ ನಗುವ ಮುಖಗಳನ್ನು ಅಂಟಿಸಿದ್ದ. ಸ್ಟುಡಿಯೋದಲ್ಲಿ ಕೂತವನು ತೆರೆದು ನೋಡಿದೆ. ಹಿಂದಿನಿಂದ ಒಂದು ದನಿ ಕೇಳುತ್ತದೆ: "ಏ ಮಾಸ್ತರ, ವರಾತ ಎಲ್ಲಿಗಿ ಬಂತು?" ನಗು. ಇನ್ನೊಂದು ದನಿ: "ಇಷ್ಟ ವರ್ಷ ಕದ್ದು ಕುಡೀತಿದ್ದಾ, ಇವತ್ತ ಸಿಕ್ಕ." ಮತ್ತೆ ನಗು. ಮಾಸ್ತರ ಬಲಗೈ ಎದೆಯ ಮೇಲಿನ ಕೋಟನ್ನು ಹಿಂಡಿ ಹಿಡಿದಿತ್ತು. ಅದು ವಿಡಿಯೋದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಕಣ್ಣಿದ್ದ ಯಾರಿಗಾದರೂ ಕಾಣುತ್ತದೆ.

ಅಂಗಡಿ ತೆರೆದೇ ಬಿಟ್ಟು ಓಡಿದೆ. ನಾನು ಮುಟ್ಟಿದಾಗ ಅವರಿಗೆ ಇನ್ನೂ ಎಚ್ಚರವಿತ್ತು. ನನ್ನ ಗುರುತು ಹಿಡಿದು, "ಇಲ್ಲ ಭಾಯ್... ಇಲ್ಲ" ಎಂದರು. ಏನು ಇಲ್ಲವೆಂದು ನನಗೆ ಗೊತ್ತಾಯಿತು. ಜೀವ ಹೋಗುವ ಹೊತ್ತಿನಲ್ಲಿ ಆ ಮನುಷ್ಯ ನನ್ನ ಮುಂದೆ ಸಾಕ್ಷಿ ಹೇಳಬೇಕಾಯಿತು. ರಿಕ್ಷಾದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದೆ. ಡಾಕ್ಟರು, ಚಿಕ್ಕ ವಯಸ್ಸಿನವರು, ಪರವೂರಿನವರು, ನೋಡಿ, "ಹೃದಯಾಘಾತ. ಒಂದು ತಾಸು ಮೊದಲು ತಂದಿದ್ದರೆ ಏನಾದರೂ ಮಾಡಬಹುದಿತ್ತು" ಎಂದರು. ಆ ಒಂದು ತಾಸು ನಮ್ಮೂರು ನಿಂತು ನಕ್ಕಿತ್ತು.

ವೈನಿ ಬಂದಾಗ ಮಾಸ್ತರ ಮೇಲೆ ಬಟ್ಟೆ ಹೊದಿಸಿದ್ದರು. ವಿಡಿಯೋ ಅವರ ಓಣಿಗೂ ಮುಟ್ಟಿತ್ತು. ಅವರು ಅಳಲಿಲ್ಲ. ನನ್ನ ತುಟಿಯನ್ನೇ ನೋಡುತ್ತ ಕೇಳಿದರು: "ಕುಡದಿದ್ದಿಲ್ಲ, ಹೌದಲ್ರಿ ಭಾಯ್?"

"ಇಲ್ರಿ ವೈನಿ. ಒಂದ ಹನಿ ಇಲ್ಲ."

ಆಗ ಕುಸಿದು ಕೂತು ಅತ್ತರು. ಬಿಟ್ಟ ಮೇಲಿನ ಹದಿನೆಂಟು ವರ್ಷ ಜೊತೆಗಿದ್ದು ಕಾಯ್ದ ಹೆಂಗಸಿನ ಎದೆಯಲ್ಲೂ ಆ ಒಂದು ಸಂಶಯವನ್ನು ಬಿತ್ತಿದರಲ್ಲ, ಅದಕ್ಕೆ ನಾನು ಊರನ್ನು ಕ್ಷಮಿಸಲಾರೆ. ವಿಡಿಯೋ ಮಾಡಿದವನು ಮಣ್ಣಿಗೆ ಬಂದಿದ್ದ. ಬೇಸರದ ಮುಖ ಮಾಡಿಕೊಂಡು ನನ್ನ ಪಕ್ಕದಲ್ಲೇ ನಿಂತಿದ್ದ. "ಹಂಗ ಅನ್ಕೊಂಡಿರಲಿಲ್ರಿ ಭಾಯ್" ಎಂದ. ನಾನು ಅವನಿಂದ ನಾಲ್ಕು ಹೆಜ್ಜೆ ದೂರ ಹೋಗಿ ನಿಂತೆ. ಹೊಡೆಯಲು ನನಗೆ ಮಾಸ್ತರ ಕೈ ಇರಲಿಲ್ಲ.

ಮೂರನೆಯ ದಿನ ಹೊಳೆದಂಡೆಯಲ್ಲಿ ಎಡೆ ಇಟ್ಟರು. ಹೋಳಿಗೆ, ಅನ್ನ, ಬದನೆಕಾಯಿ ಪಲ್ಯ, ಮಾಸ್ತರು ತಿನ್ನುತ್ತಿದ್ದ ಶೇಂಗಾ ಬೆಲ್ಲ. ಆ ಎಡೆಯನ್ನು ಕಾಗೆ ಬಂದು ಮುಟ್ಟಬೇಕು. ಮುಟ್ಟದಿದ್ದರೆ ಸತ್ತವರ ಆಸೆ ಏನೋ ಉಳಿದಿದೆ ಎಂದು ಅವರ ನಂಬಿಕೆ. ಎಲ್ಲರೂ ದೂರ ಸರಿದು ಕೂತರು. ಕಾಗೆಗಳು ಜಾಲಿಯ ಗಿಡದಲ್ಲಿ ಕೂತಿದ್ದವು, ಇಳಿಯಲಿಲ್ಲ. ಬಿಸಿಲು ಏರಿತು. ಹಿರಿಯರೊಬ್ಬರು ಎಡೆಯ ಕಡೆ ಕೈ ಮುಗಿದು, "ನಿನ್ನ ಹೇಣ್ತೀನ ನೋಡಕೋತೇವಪಾ, ಚಿಂತಿ ಬಿಡು" ಎಂದರು. ಇಳಿಯಲಿಲ್ಲ. "ನಿನ್ನ ಕ್ಲಾರಿನೆಟ್ ಜ್ವಾಕಿ ಮಾಡತೇವು" ಎಂದರು. ಇಳಿಯಲಿಲ್ಲ.

ತಮ್ಮ ಎದ್ದು ನಿಂತ. "ಸುಮ್ಮ ಯಾಕ ತ್ರಾಸ ತಗೋತೀರಿ? ಅವನ ಜೀವ ಯಾತರಾಗ ಐತಿ ಅಂತ ನಮಗ ಗೊತ್ತಿಲ್ಲೇನು?"

ಹಿಂದೆ ಕೂತವರಲ್ಲಿ ಮೆಲ್ಲನೆ ನಗೆ ಹರಿಯಿತು. ಯಾರನ್ನೂ ಅಂಗಡಿಗೆ ಓಡಿಸಬೇಕಾಗಲಿಲ್ಲ, ಬಾಟಲಿ ಒಬ್ಬನ ಕಿಸೆಯಲ್ಲೇ ಇತ್ತು. ತಮ್ಮ ಪ್ಲಾಸ್ಟಿಕ್ ಗ್ಲಾಸಿಗೆ ಸುರಿದು ಎಡೆಯ ಪಕ್ಕದಲ್ಲಿಟ್ಟು ಕೈ ಮುಗಿದ. "ತಗೋ ಅಣ್ಣಾ. ಇನ್ನ ಯಾರೂ ಬ್ಯಾಡ ಅನ್ನಂಗಿಲ್ಲ. ಹೊಟ್ಟಿ ತುಂಬ ಕುಡಿ."

ನಾನು ಎದ್ದೆ. ಆದರೆ ನನಗಿಂತ ಮೊದಲು ವೈನಿ ಎದ್ದಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಂಡಸರ ಸಾಲನ್ನು ಸೀಳಿಕೊಂಡು ಹೋಗಿ, ಆ ಗ್ಲಾಸನ್ನೆತ್ತಿ ಉಸುಕಿಗೆ ಚೆಲ್ಲಿದರು. ತಮ್ಮನ ಕೈಯಿಂದ ಬಾಟಲಿ ಕಸಿದು ಹೊಳೆಗೆ ಬೀಸಿ ಒಗೆದರು.

"ಜೀವ ಇರೂತನಕ ಒತ್ತಾಯ ಮಾಡಿದ್ರಿ. ಮೋಸಾ ಮಾಡಿ ಕುಡಿಸಿದ್ರಿ. ಸಾಯಾಕತ್ತಾಗ ಕುಡದಾನಂತ ನಕ್ರಿ. ಈಗ ಹೆಣಕ್ಕೂ ಕುಡಸ್ತೀರೇನ್ರೋ? ನಾಚಿಕಿ ಬರೂದಿಲ್ಲೇನು ನಿಮಗ?"

ನಗುತ್ತಿದ್ದವರು ನೆಲ ನೋಡಿದರು. ಕಾಗೆ ಕೊನೆಗೂ ಬರಲಿಲ್ಲ. ಬರದಿದ್ದಾಗ ಮಾಡುವಂತೆ, ಅಲ್ಲೇ ಮೇಯುತ್ತಿದ್ದ ಒಂದು ಆಕಳನ್ನು ಹೊಡೆದುಕೊಂಡು ಬಂದು ಎಡೆಯನ್ನು ಅದರ ಮುಂದೆ ಇಟ್ಟರು. ವೈನಿ ಅದರ ಬೆನ್ನ ಮೇಲೆ ಕೈಯಿಟ್ಟು, ತಾಟು ಬರಿದಾಗುವವರೆಗೂ ನಿಂತರು.

ಹೊರಡುವಾಗ ಆ ಹಿರಿಯರು ಹತ್ತಿರ ಬಂದು, "ಏನರ ಅನ್ನು ಯವ್ವಾ, ಕಾಗಿ ಮುಟ್ಟಲಿಲ್ಲ. ನಾಳಿ ಮಂದಿ ಏನಂದೀತು?" ಎಂದು ರಾಗ ಎಳೆದರು.

"ಮುಟ್ಟಲಾರದಿದ್ರ ಬ್ಯಾಡ್ರಿ," ಎಂದರು ವೈನಿ. "ಹದಿನೆಂಟು ವರ್ಷ ಅವರೂ ಮುಟ್ಟಲಿಲ್ಲ. ಆವಾಗ ಮಂದಿ ಏನಂತು?"